ಟಕ್ ಅನ್ನದ ಕ್ಯಾಮೆರಾ

ಸದ್ದು ಮಾಡದೆ ಕೆಲಸ ಮಾಡುವ ಯಾವುದನ್ನೂ ನಾನು ನಂಬುವವಳಲ್ಲ. ಮಿಕ್ಸಿ ಅಂದಮೇಲೆ ಗರ್ ಅನ್ನಬೇಕು, ಕುಕ್ಕರ್ ಅಂದಮೇಲೆ ಕೂಗಬೇಕು, ಬಸ್ಸು ಅಂದಮೇಲೆ ಗೇರು ಬದಲಿಸುವಾಗ ಒಮ್ಮೆಯಾದರೂ ನರಳಬೇಕು. ಅಜ್ಜಂಪುರದ ಹೈಸ್ಕೂಲಿನಲ್ಲಿ ಬಹಳ ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಗಲಾಟೆ ಮಾಡುವ ಕ್ಲಾಸಿಗೆ ನಾನು ಯಾವತ್ತೂ ಹೆದರಿದವಳಲ್ಲ. ಸದ್ದೇ ಇಲ್ಲದ ಕ್ಲಾಸಿನ ಬಾಗಿಲಲ್ಲಿ ಮಾತ್ರ ನಿಂತು, ಒಳಗೆ ಏನು ಅನಾಹುತ ಆಗಿರಬಹುದು ಎಂದು ಲೆಕ್ಕ ಹಾಕಿಯೇ ಕಾಲಿಡುತ್ತೇನೆ. ಗಂಡನ ವಿಷಯದಲ್ಲೂ ಅಷ್ಟೆ. ನಮ್ಮವರು ಕೂಗಾಡುತ್ತಾ ಮನೆಗೆ ಬಂದರೆ ನನಗೆ ನಿಶ್ಚಿಂತೆ. ಸುಮ್ಮನೆ ಬಂದು, ಚಪ್ಪಲಿ ಜೋಡಿಸಿಟ್ಟು, "ಕಾಫಿ ನಾನೇ ಮಾಡ್ಲಾ?" ಎಂದು ಕೇಳಿದರೆ ಏನೋ ಒಂದು ಆಗಿದೆ ಅಂತಲೇ ಅರ್ಥ.

ಹೋದ ಚಳಿಗಾಲದ ಒಂದು ಸಂಜೆ ಆದದ್ದೂ ಅದೇ. ನಮ್ಮ ಮನೆ ಇರುವ ಕಡೂರಿನಲ್ಲೇ ನಮ್ಮವರದೊಂದು ಮೆಡಿಕಲ್ ಸ್ಟೋರು ಇದೆ. ಅಲ್ಲಿಂದ ನೇರ ಮನೆಗೆ ಬರುವ ಮನುಷ್ಯ ಅವತ್ತು ತರೀಕೆರೆಗೆ ಹೋಗಿ ಬಂದರು. ಚಪ್ಪಲಿ ಜೋಡಿಸಿಟ್ಟರು. ಕಾಫಿ ಮಾಡಿ ನನಗೂ ಒಂದು ಲೋಟ ತಂದರು, ಅದೂ ಸಕ್ಕರೆ ಸರಿಯಾಗಿ ಹಾಕಿ. "ಏನ್ರೀ ಸಮಾಚಾರ?" ಅಂದೆ. "ಏನಿಲ್ಲ ಕಣೇ" ಅಂದರು. ನಾನು ಲೋಟ ಕೆಳಗಿಡುವ ಹೊತ್ತಿಗೆ ಸೋಫಾದ ಹಿಂದಿನಿಂದ ಒಂದು ಕಪ್ಪು ಚೀಲ ಹೊರಬಂತು, ಚೀಲದಿಂದ ಒಂದು ಕ್ಯಾಮೆರಾ.

"ಮಿರರ್‌ಲೆಸ್ಸು. ಪ್ರೊಫೆಷನಲ್ಲು" ಎಂದರು, ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರ ದನಿಯಲ್ಲಿ. ತರೀಕೆರೆಯಲ್ಲಿ ಮದುವೆ ಫೋಟೋ ತೆಗೆಯುವ ಅವರ ಹಳೇ ಸ್ನೇಹಿತರೊಬ್ಬರಿದ್ದಾರೆ. ಅವರು ಇನ್ನೂ ಹೊಸ ಮಾಡೆಲ್ ಕೊಂಡು ಇದನ್ನು ಇವರಿಗೆ ದಾಟಿಸಿದ್ದರು. "ಅಷ್ಟು ಚೆನ್ನಾಗಿದ್ರೆ ಅವ್ರು ಯಾಕ್ರೀ ಮಾರಿದ್ರು?" ಎಂದೆ. "ಇದಕ್ಕಿಂತ ಚೆನ್ನಾಗಿರೋದು ಬಂತು, ಅದಕ್ಕೆ." "ಹಂಗಾದ್ರೆ ಇದು ಚೆನ್ನಾಗಿಲ್ಲ." "ಇದೂ ಚೆನ್ನಾಗಿದೆ ಕಣೇ ಮಾರಾಯ್ತಿ!" ಎಷ್ಟು ಕೊಟ್ಟಿರಿ ಎಂದು ಕೇಳಿದ್ದಕ್ಕೆ, "ಕಾಫಿ ಆರೋಗುತ್ತೆ, ಕುಡಿ" ಎಂದರು. ಅದಿರಲಿ, ನನಗೆ ಅರ್ಥವಾಗದೇ ಇದ್ದದ್ದು ಬೇರೆ. ಈ ಮನುಷ್ಯ ಜೀವಮಾನದಲ್ಲಿ ಒಂದು ಫೋಟೋ ನೆಟ್ಟಗೆ ತೆಗೆದವರಲ್ಲ. ಇವರ ಫೋಟೋದಲ್ಲಿ ಮರಕ್ಕೆ ಬುಡ ಮಾತ್ರ ಇರುತ್ತದೆ, ಮನುಷ್ಯರಿಗೆ ತಲೆ ಇರುವುದಿಲ್ಲ. ಇಂಥವರಿಗೆ ಇದ್ದಕ್ಕಿದ್ದ ಹಾಗೆ ಪ್ರೊಫೆಷನಲ್ ಕ್ಯಾಮೆರಾ ಯಾಕೆ? ಕೇಳಿದೆ. "ಪಾಪ, ನೀನೊಬ್ಳೇ ಎಷ್ಟು ದಿನಾಂತ ತೆಗೀತೀಯ? ನಿಂಗೂ ರೆಸ್ಟ್ ಬೇಕು, ನಿನ್ನ ಕ್ಯಾಮೆರಾಕ್ಕೂ ರೆಸ್ಟ್ ಬೇಕು" ಅಂದರು. ಆ 'ಪಾಪ' ಕೇಳಿದ ಮೇಲೆ ನನ್ನ ಅನುಮಾನ ಗಟ್ಟಿಯಾಯಿತು.

ನನ್ನ ಕ್ಯಾಮೆರಾದ ಬಗ್ಗೆ ಎರಡು ಮಾತು ಹೇಳಬೇಕು. ಅದೊಂದು ಡಿಎಸ್‌ಎಲ್‌ಆರ್. ಆಗಿನ ಕಾಲಕ್ಕೂ ಅದು ದೊಡ್ಡದೇನಲ್ಲ, ಹೊಸದಾಗಿ ಕಲಿಯುವವರಿಗೆ ಅಂತಲೇ ಮಾಡಿದ್ದು. ನಾನು ಕಲಿತು ಮುಗಿಸಿದ ಮೇಲೂ ಅದು ನನ್ನ ಜೊತೆಯೇ ಉಳಿಯಿತು. ಹಿಡಿಯುವ ಕಡೆಯ ರಬ್ಬರು ಕಿತ್ತುಬಂದಾಗ ನಮ್ಮ ಅಂಗಡಿಯ ಬ್ಯಾಂಡೇಜ್ ಟೇಪ್ ಸುತ್ತಿದೆ. ಈಗ ನೋಡಿದವರು 'ಅಯ್ಯೋ, ಏನಾಯ್ತು ಇದಕ್ಕೆ' ಎಂದು ಮರುಗುತ್ತಾರೆ. ಹಿಂದಿನ ಪರದೆ ಸತ್ತು ಎಷ್ಟೋ ಕಾಲವಾಯಿತು. ಅದರಿಂದ ನನಗೇನೂ ನಷ್ಟವಿಲ್ಲ. ತೆಗೆದ ಫೋಟೋವನ್ನು ಅಲ್ಲೇ ನಿಂತು ಇಣುಕಿ ನೋಡುವ ಚಪಲ ನನಗಿಲ್ಲ ಎಂದು ಎಲ್ಲರ ಹತ್ತಿರವೂ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ಅದರೊಳಗೊಂದು ಕನ್ನಡಿ ಇದೆ. ಲೆನ್ಸಿನಿಂದ ಬಂದ ಬೆಳಕನ್ನು ಆ ಕನ್ನಡಿ ಮೇಲಕ್ಕೆ ಕಳಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಎದ್ದು ಬೆಳಕಿಗೆ ದಾರಿ ಬಿಟ್ಟು ಮತ್ತೆ ಬಂದು ಕೂರುತ್ತದೆ. ಆಗ ಬರುವುದೇ 'ಟಕ್'. ಆ ಸದ್ದು ಪಕ್ಕದ ಮನೆಗೂ ಕೇಳುತ್ತದೆ. ಟಕ್ ಅಂದರೆ ಫೋಟೋ ಬಂತು ಅಂತ, ಇನ್ನು ನೀವು ಮೂಗು ಕೆರೆದುಕೊಳ್ಳಬಹುದು ಅಂತ.

ಹೊಸದರಲ್ಲಿ ಈ ಕನ್ನಡಿಯೇ ಇಲ್ಲ. ಕಣ್ಣಿಟ್ಟು ನೋಡಿದರೆ ಕಾಣುವುದು ನಿಜವಾದ ಮನುಷ್ಯರಲ್ಲ, ಒಳಗೆ ಕೂರಿಸಿರುವ ಪುಟಾಣಿ ಟಿವಿಯಲ್ಲಿ ಬರುವ ಮನುಷ್ಯರು. ಎದುರಿಗೇ ನಿಂತಿರುವ ಗಂಡನನ್ನು ಟಿವಿಯಲ್ಲಿ ಯಾಕೆ ನೋಡಬೇಕು? "ಸರಿ, ನಂದೊಂದು ಫೋಟೋ ತೆಗೀರಿ ನೋಡೋಣ" ಎಂದು ಸೆರಗು ಸರಿಮಾಡಿಕೊಂಡು ನಿಂತೆ. ನಿಂತೇ ಇದ್ದೆ. ಕೆನ್ನೆ ನೋಯತೊಡಗಿತು. "ಒತ್ರೀ ಬೇಗ." "ಆಗ್ಲೇ ಒತ್ತಿದೆ." "ಯಾವಾಗ?" "ನೀನು ಸೆರಗು ಸರಿ ಮಾಡ್ಕೋತಿದ್ದಾಗ. ಈಗ ಬೈತಿದ್ಯಲ್ಲ, ಅದೂ ಬಂತು." ಟಕ್ ಇಲ್ಲ, ಟಿಕ್ ಇಲ್ಲ. ಕದ್ದುಮುಚ್ಚಿ ತೆಗೆದ ಹಾಗೆ. "ಬೇಕಾದ್ರೆ ಸದ್ದು ಮಾಡಿಸ್ಬೋದು ಕಣೇ, ಸೆಟ್ಟಿಂಗ್ ಇದೆ" ಎಂದು ಸಮಾಧಾನ ಹೇಳಿದರು. ಬೇಕಾದಾಗ ಸದ್ದು, ಬೇಡದಾಗ ಮೌನ. ಇಂಥವರನ್ನು ನಾನು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಇಷ್ಟೇ ಆಗಿದ್ದರೆ ಅವರ ಆಟಿಕೆ ಅವರಿಗಿರಲಿ ಎಂದು ಸುಮ್ಮನಾಗುತ್ತಿದ್ದೆ. ಆದರೆ ನಡುವೆ ಅತ್ತೆಯ ಫೋಟೋ ಇತ್ತು.

ನಮ್ಮ ಅತ್ತೆ ಪುಟ್ಟಗೌರಮ್ಮ ಯಗಟಿಯಲ್ಲಿ ನನ್ನ ಮೈದುನನ ಜೊತೆ ಇದ್ದಾರೆ. ಜೊತೆ ಅನ್ನುವುದು ಮಾತಿಗೆ. ತೆಂಗಿನಕಾಯಿ ಕೀಳಿಸುವುದರಿಂದ ಹಿಡಿದು ಯಾವ ಕುರಿ ಯಾವಾಗ ಮಾರಬೇಕು ಅನ್ನುವ ತನಕ ಅಲ್ಲಿ ಅವರದೇ ದರ್ಬಾರು. ನಮ್ಮ ಕಡೆ ಒಂದು ಪದ್ಧತಿ ಇದೆ. ವಯಸ್ಸಾದವರು ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಅವರದೊಂದು ದೊಡ್ಡ ಫೋಟೋ ತೆಗೆಸಿಡುತ್ತಾರೆ. ಯಾತಕ್ಕೆ ಅಂತ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮಾವನವರ ಕಾಲದಲ್ಲಿ ಯಾರೂ ಇದನ್ನು ಯೋಚಿಸಿರಲಿಲ್ಲ. ಅವರು ಹೋದಾಗ ಸಿಕ್ಕಿದ್ದು ವೋಟರ್ ಕಾರ್ಡಿನ ಫೋಟೋ ಒಂದೇ. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ಅಷ್ಟು ಸಾಧು ಮನುಷ್ಯ ಅದರಲ್ಲಿ ಈಗಷ್ಟೇ ಪೊಲೀಸರ ಕೈಗೆ ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ. ಅತ್ತೆ ದಿನಾ ಅದಕ್ಕೆ ಹೂವು ಇಡುತ್ತಾ "ಇವ್ರು ಇಂಗಿರ್ಲಿಲ್ಲ" ಎಂದು ಗೊಣಗುತ್ತಾರೆ. ಆದ್ದರಿಂದ ತಮ್ಮದನ್ನು ತಾವೇ ಮುಂದೆ ನಿಂತು ಮಾಡಿಸಿಕೊಳ್ಳುವ ತೀರ್ಮಾನಕ್ಕೆ ಬಂದಿದ್ದರು. "ನಾ ಓದ್ಮೇಲೆ ಗ್ವಾಡೆ ಮ್ಯಾಲೆ ಇರೋಳು ನಾನು, ನೀವಲ್ಲ. ಮೊಮ್ಮಕ್ಳು ನೋಡಿ ಎದ್ರುಕೋಬಾರ್ದು. ಚೆಂದಾಗಿ ತೆಗೀರಿ" ಎಂದು ಅಪ್ಪಣೆಯಾಗಿತ್ತು.

ಆ ಮನೆಯಲ್ಲಿ ನನಗಿದ್ದ ಒಂದೇ ಅಧಿಕಾರ ಫೋಟೋದ್ದು. ಸೀಗೆಹುಣ್ಣಿಮೆಯಾಗಲಿ, ನಾಮಕರಣವಾಗಲಿ, "ಸುಮಿತ್ರಾ, ಕ್ಯಾಮೆರಾ ತಂದಿದ್ಯೇನೇ?" ಎಂದು ಎಲ್ಲರೂ ಕೇಳುತ್ತಿದ್ದರು. ಅಡುಗೆಯಲ್ಲಿ ನನ್ನ ಓರಗಿತ್ತಿ ಮುಂದು, ಕುರಿ ತೋಟದ ವಿಷಯ ನನಗೆ ತಿಳಿಯದು. ನಾನು ಆ ಮನೆಯ ಸೊಸೆ ಅನ್ನುವುದಕ್ಕೆ ಕ್ಯಾಮೆರಾ ಒಂದೇ ಆಧಾರ. ಆದರೆ ಒಂದು ಕೊರಗು. ನಾನು ತೆಗೆದ ಅಷ್ಟೂ ಫೋಟೋಗಳಲ್ಲಿ ಅತ್ತೆಯ ಮುಖ ಒಂದೇ ಥರ: ತುಟಿ ಬಿಗಿದು, ಹುಬ್ಬು ಗಂಟಿಕ್ಕಿ, ಸಿಡುಕಿನ ಮೂಟೆ. ಬೇರೆಯವರ ಜೊತೆ ನಗುನಗುತ್ತಾ ಮಾತಾಡುತ್ತಿದ್ದವರು ನಾನು ಕ್ಯಾಮೆರಾ ಎತ್ತಿದರೆ ಮುಖಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅತ್ತೆಗೆ ನನ್ನ ಕಂಡರೆ ಆಗುವುದಿಲ್ಲ ಎಂದು ನಾನು ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು. ಈಗ ನೋಡಿದರೆ ನಮ್ಮವರು ಹೊಸ ಕ್ಯಾಮೆರಾ ತಂದಿದ್ದಾರೆ. 'ಸೊಸೆ ಕೈಲಿ ಆಗಲ್ಲ, ನೀನೇ ಒಂದು ಒಳ್ಳೇ ಕ್ಯಾಮೆರಾ ತಗೋ' ಎಂದು ತಾಯಿಯೇ ಮಗನಿಗೆ ಹೇಳಿರಬೇಕು. ಇಲ್ಲದಿದ್ದರೆ ಸರಿಯಾಗಿ ಈಗಲೇ ಯಾಕೆ ತಂದರು?

ಆಮೇಲೆ ನಾನು ಆ ಮಿರರ್‌ಲೆಸ್ಸಿನ ಹಿಂದೆ ಬಿದ್ದೆ. ಎಲ್ಲಿ ಹೋದರೂ ಎರಡೂ ಕ್ಯಾಮೆರಾ ಹೋಗಬೇಕು, ಎರಡರಲ್ಲೂ ತೆಗೆಯಬೇಕು. ಕೆಮ್ಮಣ್ಣುಗುಂಡಿಗೆ ಹೋದೆವು. ಮಂಜು, ಚಳಿ. ನಮ್ಮವರು ಒಂದು ಹೂವಿನ ಸುತ್ತ ಪ್ರದಕ್ಷಿಣೆ ಹಾಕಿ ಮುಗಿಸುವಷ್ಟರಲ್ಲಿ ಅದರ ಬ್ಯಾಟರಿ ಕುಸಿದು ಬಿತ್ತು. ಒಳಗಿನ ಟಿವಿ ಸದಾ ಹಚ್ಚಿಟ್ಟಿದ್ದರೆ ಇನ್ನೇನಾಗುತ್ತದೆ? ನನ್ನದಕ್ಕೆ ಒಂದು ಸಲ ಚಾರ್ಜ್ ಮಾಡಿದರೆ ಯಾವತ್ತು ಮಾಡಿದ್ದು ಎನ್ನುವುದೇ ಮರೆತುಹೋಗುತ್ತದೆ. ಅವತ್ತು ನಾನು ಬೇಕಂತಲೇ ಟಕ್ ಟಕ್ ಎನ್ನಿಸುತ್ತಾ ಅವರ ಸುತ್ತಲೇ ಓಡಾಡಿದೆ. ಆದರೂ ಸತ್ಯ ಹೇಳಬೇಕಲ್ಲ, ಮನೆಗೆ ಬಂದು ನೋಡಿದರೆ ಅವರ ಒಂದೇ ಹೂವಿನ ಮೇಲಿನ ನೀರಹನಿಯಲ್ಲಿ ಇಡೀ ಬೆಟ್ಟ ಕಾಣುತ್ತಿತ್ತು. ನನ್ನ ಹೂವುಗಳೆಲ್ಲ ಸ್ವಲ್ಪ ನಿದ್ದೆಗಣ್ಣಿನಲ್ಲಿದ್ದವು. "ಹೂವು ಅಂದ್ರೆ ಹಿಂಗೇ ಮೆತ್ತಗಿರ್ಬೇಕು" ಎಂದು ವಾದಿಸಿದೆ. ಅವರು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ನನಗೆ ಸಿಟ್ಟು ತರಿಸಿತು.

ನನಗೆ ಜೀವ ಬಂದದ್ದು ಶಿವನಿಯಲ್ಲಿ. ನಮ್ಮ ಶಾಲೆಯ ಟೀಚರೊಬ್ಬರ ಮನೆಯ ಊಟಕ್ಕೆ ಹೋಗಿ, ಬರುವಾಗ ಸ್ಟೇಷನ್ನಿನಲ್ಲಿ ಕೂತಿದ್ದೆವು. ನಿಲ್ಲದ ರೈಲೊಂದು ಧಡಧಡನೆ ಹೋಯಿತು. ಇಬ್ಬರೂ ತೆಗೆದೆವು. ನಮ್ಮವರ ಪರದೆಯ ಮೇಲೆ ನೋಡುತ್ತೇನೆ, ಬೋಗಿಗಳೆಲ್ಲ ಗಾಳಿಗೆ ಸಿಕ್ಕ ರಾಗಿ ಪೈರಿನ ಹಾಗೆ ಒಂದೇ ಕಡೆ ವಾಲಿವೆ! "ಏನ್ರೀ ಇದು, ರೈಲು ಬೀಳ್ತಾ ಇದೆ?" "ಅದೂ... ಸದ್ದಿಲ್ಲದ ಮೋಡ್‌ನಲ್ಲಿ ಜೋರಾಗಿ ಹೋಗೋದು ಹಂಗೆ ಓರೆ ಬರುತ್ತೆ ಕಣೇ. ನಾನು ಬದಲಾಯಿಸ್ಬೇಕಿತ್ತು, ಮರ್ತೋಯ್ತು." ನಾನು ಪ್ಲಾಟ್‌ಫಾರಂ ಮೇಲೆ ನಿಂತು ಮನಸಾರೆ ನಕ್ಕೆ. ನೋಡಿದಿರಾ? ಸದ್ದು ಮಾಡದವರು ನೆಟ್ಟಗಿರುವ ರೈಲನ್ನೂ ಓರೆ ಮಾಡುತ್ತಾರೆ. ಆ ಖುಷಿಯಲ್ಲಿ ಬೀರೂರು ದಾಟುವ ತನಕ ಕಡಲೆಕಾಯಿ ತಿಂದೆ.

ಕೊನೆಗೆ ಅತ್ತೆಯ ಫೋಟೋಗೆಂದು ಗೊತ್ತುಮಾಡಿದ್ದ ಭಾನುವಾರ ಬಂತು. ನಾನೂ ತಯಾರಾಗಿದ್ದೆ. ಶುಕ್ರವಾರವೇ ಮೆಮೊರಿ ಕಾರ್ಡನ್ನು ಶಾಲೆಯ ಕಂಪ್ಯೂಟರಿಗೆ ಹಾಕಿ, ಕ್ರೀಡಾಕೂಟದ ಫೋಟೋಗಳನ್ನೆಲ್ಲ ಇಳಿಸಿ, ಅತ್ತೆಗೋಸ್ಕರ ಪೂರ್ತಿ ಖಾಲಿ ಮಾಡಿದ್ದೆ. ಲೆನ್ಸ್ ಒರೆಸಿ, ಬ್ಯಾಂಡೇಜನ್ನೂ ಹೊಸದಾಗಿ ಸುತ್ತಿದ್ದೆ. ಯಗಟಿಯ ಬಸ್ಸಿಳಿದು ಹೋದರೆ, ಅತ್ತೆ ಗಿಣಿಹಸಿರು ಅಂಚಿನ ಸೀರೆ ಉಟ್ಟು, ಕುರಿ ಕೂಡುವ ರೊಪ್ಪದ ಮುಂದೆ ಕುರ್ಚಿ ಹಾಕಿಸಿಕೊಂಡು ಆಗಲೇ ಕೂತಿದ್ದರು. "ಒಳ್ಗೆ ಕುಂತ್ರೆ ಕತ್ಲು. ಇಲ್ಲೇ ಚೆಂದ. ನಾ ಇರೋದೂ ಇಲ್ಲೇ ಅಲ್ವಾ" ಎಂದರು. ಷರತ್ತು ಅವರೇ ಹಾಕಿದರು: "ಒಂದೇ ಸಲ ಕುಂತ್ಕತೀನಿ. ಗಂಡ ಎಂಡ್ತಿ ಇಬ್ರೂ ತೆಗೀರಿ. ಯಾವ್ದು ಚೆಂದಾಗೈತೋ ಅದು ಗ್ವಾಡೆಗೆ. ಆಮೇಲೆ ಕಿತ್ತಾಡ್ಬಾರ್ದು."

ಮೊದಲು ಎಡವಿದ್ದು ಪ್ರೊಫೆಷನಲ್ಲು. ಅದು ತಾನೇ ಕಣ್ಣು ಹುಡುಕಿ ಒಂದು ಸಣ್ಣ ಚೌಕ ಹಾಕಿಕೊಳ್ಳುತ್ತದೆ. ಪ್ರಾಣಿಗಳ ಕಣ್ಣನ್ನೂ ಹುಡುಕುತ್ತದಂತೆ. ನಮ್ಮವರು ಯಾವುದೋ ನಾಯಿಯ ಫೋಟೋ ತೆಗೆದು ಹಾಗೇ ಬಿಟ್ಟಿದ್ದರೆಂದು ಕಾಣುತ್ತದೆ. ಚೌಕ ಅತ್ತೆಯ ಮುಖವನ್ನು ಬಿಟ್ಟು, ಹಿಂದೆ ಹುಲ್ಲು ಮೆಲ್ಲುತ್ತಿದ್ದ ಟಗರಿನ ಕಣ್ಣಿಗೆ ಹೋಗಿ ಅಂಟಿಕೊಂಡಿತು. "ಸ್ವಲ್ಪ ಈ ಕಡೆ ನೋಡು, ಹಾಂ, ತಲೆ ಎತ್ತು" ಎಂದು ಇವರು ಪರದಾಡುತ್ತಿದ್ದರೆ ಅತ್ತೆ, "ಲೇ ರಂಗ, ನಂಗೆ ಯೋಳ್ತಿದ್ದೀಯೋ, ಟಗರಿಗೆ ಯೋಳ್ತಿದ್ದೀಯೋ?" ಎಂದರು. ಅವರು ಸೆಟ್ಟಿಂಗಿನ ಕಾಡಿನೊಳಗೆ ದಾರಿ ತಪ್ಪಿಸಿಕೊಂಡ ಹೊತ್ತಿಗೆ ನಾನು ಮುಂದೆ ಬಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಒಂದು ಕಣ್ಣು ಮುಚ್ಚಿದೆ. ವ್ಯೂಫೈಂಡರಿನ ಮೂಲೆಯಲ್ಲಿ ಏನೋ ಒಂದು ಗುರುತು ಮಿಣಿಮಿಣಿ ಅನ್ನುತ್ತಿತ್ತು. ವಯಸ್ಸಾದ ಕ್ಯಾಮೆರಾ, ಅದಕ್ಕೂ ಕಣ್ಣು ಅದುರುತ್ತದೆ ಎಂದು ಬಿಟ್ಟೆ. ಅತ್ತೆ ಎಂದಿನ ಹಾಗೆ ತುಟಿ ಬಿಗಿದರು, ಹುಬ್ಬು ಗಂಟಿಕ್ಕಿದರು. "ಅತ್ತೆ, ಸ್ವಲ್ಪ ನಗಿ." ಇನ್ನೂ ಬಿಗಿದರು. ಟಕ್. ಮತ್ತೆ ಟಕ್. ಮಂಡಿಗೆ ಕುರಿಪಿಕ್ಕೆ ಒತ್ತುತ್ತಿತ್ತು, ಆದರೂ ಬಿಡಲಿಲ್ಲ. ಆ ರೊಪ್ಪದ ತುಂಬ ನನ್ನ ಟಕ್ಕೇ ಕೇಳುತ್ತಿತ್ತು. ನಮ್ಮವರು ಮೂಲೆಯಲ್ಲಿ ತಮ್ಮದನ್ನು ಹಿಡಿದು ನಿಂತಿದ್ದರು, ಸದ್ದಿಲ್ಲ ಸುದ್ದಿಯಿಲ್ಲ. ತೆಗೆದರೋ ಇಲ್ಲವೋ ಯಾರಿಗೆ ಗೊತ್ತು! ನನಗಂತೂ ತೆಗೆದಿಲ್ಲ ಎಂದೇ ಗಟ್ಟಿ ಅನುಮಾನ.

ಸಂಜೆ ಕಡೂರಿಗೆ ಬಂದವಳೇ ಕ್ಯಾಮೆರಾದ ಪಕ್ಕದ ಬಾಗಿಲು ತೆಗೆದೆ. ಒಳಗೆ ಕಾರ್ಡಿಲ್ಲ. ಚೀಲ ತಡಕಿದೆ, ಪರ್ಸ್ ತಡಕಿದೆ, ಆಮೇಲೆ ತಡಕುವುದನ್ನು ನಿಲ್ಲಿಸಿ ಕೂತುಬಿಟ್ಟೆ. ಕಾರ್ಡು ಅಜ್ಜಂಪುರದಲ್ಲಿ, ಶಾಲೆಯ ಕಂಪ್ಯೂಟರಿನೊಳಗೆ, ಶುಕ್ರವಾರದಿಂದ ತಣ್ಣಗೆ ಕೂತಿತ್ತು. ಮಿಣಿಮಿಣಿ ಅಂದದ್ದು ಕ್ಯಾಮೆರಾದ ಕಣ್ಣಲ್ಲ, ಅದು ನನ್ನನ್ನು ಎಚ್ಚರಿಸುತ್ತಿತ್ತು. ಪರದೆ ಬದುಕಿದ್ದರೆ ಬಾಯಿಬಿಟ್ಟೇ ಹೇಳುತ್ತಿತ್ತು. ಅಷ್ಟು ಹೊತ್ತು ಊರಿಗೆಲ್ಲ ಕೇಳುವ ಹಾಗೆ ಟಕ್ ಟಕ್ ಎಂದು ನಾನು ತೆಗೆದದ್ದು ಏನೇನೂ ಇಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ 'ಶಬ್ದ ಬಂತು ಅಂದ ಮಾತ್ರಕ್ಕೆ ಕೆಲಸ ಆಯ್ತು ಅಂತಲ್ಲ' ಎಂದು ಬೈಯುವ ನಾನು!

"ನಿಮ್ದಾದ್ರೂ ಬಂದಿದ್ಯಾ ನೋಡ್ರೀ" ಅಂದೆ, ದನಿ ಸಣ್ಣದಾಗಿತ್ತು. ನಮ್ಮವರು ನಗಲಿಲ್ಲ. ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿ ಒಂದೊಂದೇ ಸರಿಸಿದರು. ಟಗರು, ಟಗರು, ಟಗರಿನ ಮೂಗು. ಆಮೇಲೆ ಅತ್ತೆ. ನಾನು ಉಸಿರು ಬಿಡುವುದನ್ನೇ ಮರೆತೆ. ಅತ್ತೆ ನಗುತ್ತಿದ್ದರು. ತುಟಿಯ ತುದಿಯಲ್ಲಿ ಶುರುವಾದ ನಗು ಕಣ್ಣಿನ ಸುತ್ತ ಹರಡಿ, ಒಂದೊಂದು ಸುಕ್ಕೂ ಆ ನಗುವಿಗೇ ಬಿದ್ದ ಹಾಗಿತ್ತು. ಬೆಳ್ಳಿ ಕೂದಲಿನ ಒಂದೊಂದು ಎಳೆಯೂ ಬಿಡಿಬಿಡಿ. ಕಣ್ಣು ಕ್ಯಾಮೆರಾದ ಕಡೆಗಿರಲಿಲ್ಲ. ಬಲಕ್ಕೆ, ಕೆಳಗೆ, ನೆಲದ ಮೇಲೆ ಮಂಡಿಯೂರಿದ್ದ ಯಾರನ್ನೋ ನೋಡುತ್ತಿತ್ತು. ಅಲ್ಲಿ ಮಂಡಿಯೂರಿದ್ದವಳು ನಾನು. ಇಷ್ಟು ವರ್ಷ ಆ ಮನೆಗೆ ಹೋಗಿಬಂದರೂ ಅತ್ತೆ ನನ್ನನ್ನು ಹಾಗೆ ನೋಡುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಅಳು ಬಂತು. ನಮ್ಮವರು ಟಿವಿಯ ಕಡೆಗೇ ಮುಖ ಮಾಡಿ ಕೂತು, ನೋಡದವರ ಹಾಗೆ ಇದ್ದರು.

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ಯಗಟಿಗೆ ತೆಗೆದುಕೊಂಡು ಹೋದೆವು. ಅತ್ತೆ ಅದನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಮಾವನವರ ಪಕ್ಕದಲ್ಲಿಟ್ಟು ನೋಡಿದರು. "ಊಂ. ನಾನೇ" ಎಂದರು. ಅದಕ್ಕಿಂತ ದೊಡ್ಡ ಮೆಚ್ಚುಗೆ ಅವರ ಬಾಯಲ್ಲಿ ಇಲ್ಲ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ಅತ್ತೆ, ನಾನು ತೆಗೆಯುವಾಗೆಲ್ಲ ಯಾಕೆ ಅಷ್ಟು ಸಿಟ್ಟು ಮಾಡ್ಕೊಂಡಿರ್ತಿದ್ರಿ?" ಅತ್ತೆ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಸಿಟ್ಟೆಲ್ಲಿ ಬಂತೇ? ನಿನ್ ಕ್ಯಾಮ್ರ ಟಕ್ ಅನ್ನೋಗಂಟ ಉಸ್ರು ಇಡ್ಕಂಡಿರ್ತೀನಿ ಕಣೇ. ಅಳ್ಳಾಡಿದ್ರೆ ಕೆಟ್ಟೋಯ್ತದೆ ಅಂತ ನೀನೇ ಯೋಳಿದ್ದಲ್ವಾ, ಮದ್ವೆ ಆಗಿ ಬಂದ ಒಸ್ದ್ರಲ್ಲಿ? ಟಕ್ ಅಂದ್ಮೇಲೆ ಬಿಡ್ತೀನಿ. ಬಿಟ್ಮೇಲೆ ನೋಡಿದ್ರೆ ನೀನಿನ್ನೂ ಒಂದ್ ಕಣ್ ಮುಚ್ಕಂಡು, ಬಾಯಿ ವಾರೆ ಮಾಡ್ಕಂಡು ಕುಂತಿರ್ತೀಯ. ನಗು ಬತ್ತದೆ. ಯಾವಾಗ್ಲೂ ಬತ್ತದೆ. ಈ ಸಲ ಅದೂ ಬಿದ್ದೈತೆ ನೋಡು."

ಅಷ್ಟರಲ್ಲಿ ಬೀದಿಯ ಹೆಂಗಸರು ನೋಡಲು ಬಂದರು. "ಏನ್ ಚೆಂದಾಗೈತಮ್ಮ, ಯಾರ್ ತೆಗ್ದಿದ್ದು?" ಎಂದು ಒಬ್ಬರು ಕೇಳಿದರು. ಅತ್ತೆ ನಿಂತಲ್ಲೇ ನೆಟ್ಟಗಾದರು. "ಇನ್ಯಾರು? ನಮ್ ಸುಮಿತ್ರಾನೇ. ಟಕ್ ಅಂದಿದ್ದು ನಾನೇ ಕೇಳಿಸ್ಕಂಡೆ. ಇವ್ನೂ ಒಂದ್ ಕ್ಯಾಮ್ರ ತಂದಿದ್ದ. ಏನ್ ಮಾಡೋದು, ಅದು ಸದ್ದೇ ಮಾಡ್ಲಿಲ್ಲ. ಟಗರು ನೋಡ್ಕಂಡು ನಿಂತಿದ್ದ, ಪಾಪ" ಎಂದು ನಮ್ಮವರ ಬೆನ್ನು ಸವರಿದರು. ನಮ್ಮವರು ಬಾಯಿ ತೆರೆದರು. ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಬಾಯಿ ಮುಚ್ಚಿದರು. ನಾನೂ ತೆರೆಯಬೇಕಿತ್ತು. 'ಅಲ್ಲ ಅತ್ತೆ, ಇದು ನಿಮ್ಮ ಮಗ ತೆಗೆದದ್ದು' ಎಂಬ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಆದರೆ ನನ್ನ ಟಕ್ ಇಲ್ಲದಿದ್ದರೆ ಅವರು ಉಸಿರು ಹಿಡಿಯುತ್ತಿರಲಿಲ್ಲ, ಹಿಡಿಯದಿದ್ದರೆ ಬಿಡುತ್ತಿರಲಿಲ್ಲ, ಬಿಡದಿದ್ದರೆ ಆ ನಗು ಎಲ್ಲಿಂದ ಬರುತ್ತಿತ್ತು? ಹಾಗೆ ನೋಡಿದರೆ ಅರ್ಧ ಫೋಟೋ ನನ್ನದೇ. ಉಳಿದ ಅರ್ಧದ ಬಗ್ಗೆ ಯೋಚಿಸುವಷ್ಟರಲ್ಲಿ ಅತ್ತೆ ಎಲ್ಲರಿಗೂ ಎಳನೀರು ಕೊಚ್ಚಿಸಿ ಕೊಡುತ್ತಿದ್ದರು, ನನಗೇ ಮೊದಲು.

ಬಸ್ಸಿನಲ್ಲಿ ನಮ್ಮವರು ಈಗ ಹಂಗಿಸುತ್ತಾರೆ, ಆಗ ಹಂಗಿಸುತ್ತಾರೆ ಎಂದು ಕಾದೆ. ಒಂದು ಮಾತೂ ಇಲ್ಲ. ಕಿಟಕಿಯಾಚೆ ತೆಂಗಿನ ಮರ ಎಣಿಸುವವರ ಹಾಗೆ ಕೂತಿದ್ದರು. ಮನೆಗೆ ಬಂದರು. ಚಪ್ಪಲಿ ಜೋಡಿಸಿಟ್ಟರು, ನನ್ನದನ್ನೂ ಸೇರಿಸಿ. ನೇರ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಎರಡು ಲೋಟ ಕಾಫಿ ಬಂತು. ಒಂದು ಗುಟುಕು ಕುಡಿದು ನೋಡಿದೆ, ಸಕ್ಕರೆ ಸರಿಯಾಗಿತ್ತು.

"ತರೀಕೆರೆಯವ್ನ ಹತ್ರ ಒಂದು ಲೆನ್ಸ್ ಇದ್ಯಂತೆ ಕಣೇ" ಎಂದರು, ಗೋಡೆ ನೋಡುತ್ತಾ. "ಒಳ್ಳೇದಂತೆ."

ಬೇರೆ ದಿನವಾಗಿದ್ದರೆ ಎಷ್ಟು, ಯಾಕೆ, ಅವರು ಯಾಕೆ ಮಾರುತ್ತಿದ್ದಾರೆ ಎಂದು ಕೇಳಿ ರಂಪ ಎಬ್ಬಿಸುತ್ತಿದ್ದೆ. ಅವತ್ತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸದ್ದೇ ಮಾಡದೆ ಕಾಫಿ ಕುಡಿದೆ.